ಒಂದು ಕಣ್ಣಿನ ದಾವೆ

ಬೆಳಿಗ್ಗೆ ಇಸಳೂರಿನಲ್ಲಿ ತನುಜಕ್ಕನ ಮನೆಯ ಮೆಟ್ಟಿಲ ಮೇಲೆ ಟೆಂಪೊ ಓಡಿಸುವ ಗೌಸ್ ಕುಸಿದು ಕೂತಿದ್ದ. ವಕೀಲಿಕೆ ಬಿಟ್ಟು ಊರವರ ಕಗ್ಗಂಟು ಬಿಡಿಸುವ ತನುಜಕ್ಕನ ಬಾಗಿಲಿಗೆ ನಗುನಗುತ್ತ ಬಂದವರನ್ನು, ಅವಳ ಕಾರು ಓಡಿಸುವ ಮನೋಹರ ಈವರೆಗೆ ಕಂಡಿರಲಿಲ್ಲ.

“ತಮ್ಮನ ಕೇಸು ವಜಾ ಆಯ್ತಕ್ಕಾ. ಮತ್ತೆ ನಡೆಸಿ ಅಂತ ಅರ್ಜಿ ಹಾಕೋಕೆ ಇವತ್ತೇ ಕೊನೇ ದಿನ. ಜವಾಬು ಕೊಡೋ ವಾಯಿದೆ ಯಾಕೆ ತಪ್ತು ಅಂತ ಹೇಳ್ಬೇಕಂತೆ. ನಂಗೇ ಗೊತ್ತಿಲ್ಲ!”

ತಮ್ಮ ಸಮೀಉಲ್ಲಾ ದೂರದ ಜೈಲಿನಲ್ಲಿದ್ದ. ಕಾವಲಿನವರ ಹೊಡೆತಕ್ಕೆ ಅವನ ಒಂದು ಕಣ್ಣು ಹೋಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಕತೆ. ವಕೀಲರಿಲ್ಲದೆ ತಾನೇ ಅವರ ಮೇಲೆ ದಾವೆ ಹೂಡಿದ್ದ. ಕೋರ್ಟು ಕೇಳಿದ ಜವಾಬುಗಳನ್ನು ಜೈಲಿನವರು ನುಂಗಿಯಾರೆಂದು ಭೇಟಿಗೆ ಬಂದ ತಾಯಿ ಬದ್ರುನ್ನಿಸಾಳ ಕೈಗೇ ಕೊಡುತ್ತಿದ್ದ. ಆಕೆ ಯಲ್ಲಾಪುರದ ಮನೆಯಲ್ಲಿ ಲಕೋಟೆಗೆ ಹಾಕಿ ಅಂಟಿಸಿದ್ದನ್ನು ಗೌಸ್ ಶಿರಸಿಗೆ ತಂದು ಕೋರ್ಟಿಗೆ ಮುಟ್ಟಿಸುತ್ತಿದ್ದ.

ಮೂವರೂ ಕೋರ್ಟಿಗೆ ಹೋದಾಗ ಅಲ್ಲಿನ ಗುಮಾಸ್ತ ವೆಂಕಟ್ರಮಣ ಲಕೋಟೆಗಳನ್ನು ತೋರಿಸಿದ. “ಪ್ರತಿ ಸಲ ಬರೀ ಬಿಳಿ ಹಾಳೆ ಮೇಡಂ. ಇದನ್ನ ಸಾಹೇಬ್ರ ಮುಂದೆ ಹ್ಯಾಂಗೆ ಇಡೋದು?”

ತನುಜಾ ಸಮೀಉಲ್ಲಾ ಮೊದಲು ಬರೆದ ದಾವೆಯನ್ನು ನೋಡಿದಳು. ಹಾಳೆಯ ನೆತ್ತಿಯಲ್ಲಿ ಅರಬ್ಬಿಯಲ್ಲಿ ಏನೋ ಬರೆದಿತ್ತು.

“ಅಲ್ಲಾಹನ ಹೆಸರು. ಅದಿಲ್ದೆ ಅವ ಯಾವ ಹಾಳೆನೂ ಶುರು ಮಾಡಲ್ಲ,” ಎಂದ ಗೌಸ್.

ಮನೋಹರ ಕಾರು ಓಡಿಸುತ್ತ ಮನಸ್ಸಿನಲ್ಲೇ ಮೊದಲು ಜೈಲಿನವರ ಮೇಲೆ, ಆಮೇಲೆ ಗೌಸನ ಮೇಲೆ ಗುಮಾನಿಪಟ್ಟ. ಅವನಿಗೆ ಅಪರಾಧಿ ಯಾವಾಗಲೂ ಬೇಗ ಸಿಗುತ್ತಿದ್ದ, ಸರಿಯಾದವನು ಸಿಗುತ್ತಿರಲಿಲ್ಲ ಅಷ್ಟೆ. ತನುಜಾ ಯಲ್ಲಾಪುರದ ಮಸೀದಿಯ ಬಳಿ ಇಳಿದು, ಅಲ್ಲಿನ ಮುದುಕರೊಬ್ಬರನ್ನು ಮಾತಾಡಿಸಿ, ಅವರನ್ನೂ ಕರೆದುಕೊಂಡು ಗೌಸನ ಮನೆಗೆ ಬಂದಳು.

ಎಲ್ಲರೂ ಚಾಪೆಯ ಮೇಲೆ ಕೂತರು.

“ಜೈಲಿನವರಾಗಿದ್ರೆ ಕಾಗದ ಕಸಿದು ಸುಮ್ಮನಾಗ್ತಿದ್ರು, ಅದು ಈ ಮನೆವರೆಗೆ ಬರ್ತಾನೇ ಇರ್ಲಿಲ್ಲ,” ಎಂದಳು ತನುಜಾ. “ಗೌಸ್ ಆಗಿದ್ರೆ ಲಕೋಟೇನೇ ಎಸೆದು ‘ಕೊಟ್ಟೆ’ ಅಂತಿದ್ದ. ಬಿಳಿ ಹಾಳೆ ತುಂಬಿದ್ದು ಗೌಸನನ್ನ ನಂಬಿಸೋಕೆ. ಅಂದ್ರೆ, ಲಕೋಟೆ ಅಂಟಿಸಿದವರೇ. ಆದ್ರೆ ದೇವರ ಹೆಸರಿರೋ ಹಾಳೆ ಒಲೆಗೂ ಹಾಕಂಗಿಲ್ಲ, ಕಸಕ್ಕೂ ಎಸೆಯಂಗಿಲ್ಲ. ಅಂಥದ್ದನ್ನ ಕೂಡಿಟ್ಟು ಆಮೇಲೆ ಹೂಳೋಕೆ ಅಂತ ಮಸೀದೀಲಿ ಪೆಟ್ಟಿಗೆ ಇಡ್ತಾರೆ.”

ಮುದುಕರು ಸಮೀಉಲ್ಲಾನ ಹಾಳೆಗಳನ್ನು ಚಾಪೆಯ ಮೇಲಿಟ್ಟರು. “ಪೆಟ್ಟಿಗೇಲೇ ಇದ್ವು,” ಎಂದರು.

“ಅಮ್ಮೀ!” ಎಂದ ಗೌಸ್.

ಬದ್ರುನ್ನಿಸಾ ತಲೆ ಎತ್ತಲಿಲ್ಲ. “ಭೇಟಿ ಮುಗ್ಸಿ ಬರೋವಾಗ ಕಾವಲಿನವ ಗೇಟಿನ ಹತ್ರ ಹೇಳ್ದ. ಕೇಸು ನಡೆದ್ರೆ ಇನ್ನೊಂದು ಕಣ್ಣೂ ಹೋಗ್ತದೆ ಅಂದ. ಹೆತ್ತವ್ಳು ಎಂತ ಮಾಡ್ಲಿ ಬೇಟಿ?”

“ಅದನ್ನೇ ಬರೆದುಕೊಡಿ ಅಮ್ಮಾ,” ಎಂದಳು ತನುಜಾ. “ ಈಗ್ಲೇ ಹೊರಟ್ರೆ ಕೋರ್ಟು ಸಿಗ್ತದೆ. ದಾವೆಗೆ ಜೀವ ಬರ್ತದೆ.”

“ಬರೆದುಕೊಟ್ಟ ರಾತ್ರಿ ನನ್ನ ಮಗ ಮಲಗೋದು ಎಲ್ಲಿ? ಅವರ ಹತ್ರಾನೇ ಅಲ್ವಾ?”

ಗಂಟು ಬಿಚ್ಚಿದ ಮೇಲೂ ತನುಜಾ ಹೀಗೆ ಎದ್ದು ಹೊರಡದೆ ಕೂತದ್ದನ್ನು ಮನೋಹರ ಕಂಡದ್ದು ಇದೇ ಮೊದಲು. ಸತ್ಯ ಸಿಕ್ಕಿತ್ತು, ಅದನ್ನು ಇಡಲು ಜಾಗವಿರಲಿಲ್ಲ.

ಗೌಸ್ ಹಾಳೆಗಳನ್ನು ಬಾಚಿಕೊಂಡು ಬಾಗಿಲವರೆಗೆ ಹೋದ. ತಾಯಿ ತಡೆಯಲಿಲ್ಲ. ಹೊಸ್ತಿಲಲ್ಲಿ ಬಹಳ ಹೊತ್ತು ನಿಂತ. ಕಾರು ಹಾರಿಸಿದರೂ ಕೋರ್ಟು ಸಿಗದಷ್ಟು ಹೊತ್ತಾದ ಮೇಲೆ ತಿರುಗಿ ಬಂದು, ಹಾಳೆಗಳನ್ನು ತಾಯಿಯ ಮಡಿಲಿಗೆ ಹಾಕಿದ.