ಒದ್ದೆ ಕಾಲುಚೀಲ

ಡಾ. ಹಾಲ್ಲಾಳ ಶವ ಶೀತಕೋಣೆಯ ಬಾಗಿಲಿಗೇ ಒಳಗಿನಿಂದ ಒರಗಿತ್ತು. ಒಳಗೆ ಮೈನಸ್ ಇಪ್ಪತ್ತು ಡಿಗ್ರಿ. ಒಳಬದಿಯ ಹಿಡಿಯನ್ನು ಯಾರೋ ಮೊದಲೇ ಬಿಚ್ಚಿಟ್ಟಿದ್ದರು. ಕಪಾಟುಗಳ ತುಂಬ, ವಂಶವಾಹಿ ಸಂಶೋಧನೆಗೆಂದು ಕೂಡಿಟ್ಟ ಐಸ್‌ಲೆಂಡಿನ ಸಾವಿರಾರು ಮನೆತನಗಳ ರಕ್ತ, ಸಣ್ಣ ಕೊಳವೆಗಳಲ್ಲಿ.

"ಥೋರ್ಗ್ರಿಮ್‌ದೇ ಕೆಲಸ," ಎಂದ ಸಾರ್ಜೆಂಟ್ ಗೆಲ್ಲಿರ್. "ಬಂದರಿನಲ್ಲೇ ಹಿಡಿದು ಲಾಕಪ್ಪಿಗೆ ಹಾಕಿದೀವಿ. ಹಿಂದಿನ ಕಿಟಕಿ ಒಡೆದು ನುಗ್ಗಿದಾನೆ."

ಶುಕ್ರವಾರ ಊರ ಸಭೆಯಲ್ಲಿ ನಡೆದದ್ದು ಇನ್‌ಸ್ಪೆಕ್ಟರ್ ಸಾಲ್ವೋರ್‌ಗೂ ಗೊತ್ತಿತ್ತು. ಬಂಧುಗಳ ರಕ್ತವಿದ್ದರೆ ಸಾಕು, ರಕ್ತ ಕೊಡದವರ ವಂಶವಾಹಿ ನಕ್ಷೆಯನ್ನೂ ಊಹಿಸಬಹುದು. ಮಾರಕ ರೋಗ ಕಂಡರೆ ಅವರಿಗೂ ಹೇಳಲೇಬೇಕು ಎಂದು ಹಾಲ್ಲಾ ವಾದಿಸಿದ್ದಳು. ಮೀನುಗಾರ ಥೋರ್ಗ್ರಿಮ್ ಎದ್ದು, "ನನ್ನ ಮೈಯೊಳಗೆ ಇಣುಕೋಕೆ ನೀನ್ಯಾರು?" ಎಂದು ಕೂಗಾಡಿದ್ದ.

ಸಾಲ್ವೋರ್ ಕಿಟಕಿಯ ಬಳಿ ಬಗ್ಗಿದಳು. ಗಾಜು ಹೆಚ್ಚಾಗಿ ಹೊರಗೆ ಬಿದ್ದಿತ್ತು. ಒಳಗೆ ಬೀಸಿ ಬಂದ ಹಿಮದ ಮೇಲೆ ಹೆಜ್ಜೆಯ ಗುರುತು.

"ಇದು ಬೂಟಿನದಲ್ಲ. ಹೆಣಿಗೆ ಕಾಣ್ತಿದೆ ನೋಡು. ಉಣ್ಣೆ ಕಾಲುಚೀಲ."

"ಅಂದರೆ?"

"ಕೊಲೆ ಮಾಡೋಕೆ ಕಿಟಕಿ ಹಾರಿದವನು ಬೂಟು ಕಳಚಿಟ್ಟು ಬಂದನಾ? ಅಷ್ಟು ಮರ್ಯಾದಸ್ಥನಾ ನಿನ್ನ ಮೀನುಗಾರ?"

ಗೆಲ್ಲಿರ್ ಮೊಣಕಾಲೂರಿ ಗುರುತನ್ನು ನೋಡಿದ.

*

ಶವ ಕಂಡು ಫೋನ್ ಮಾಡಿದವನು ಈ ರಕ್ತದ ಉಗ್ರಾಣದ ಮೇಲ್ವಿಚಾರಕ ಇಸ್ಲೇಫ್. ಅವನೇ ಕಾಫಿ ಬಗ್ಗಿಸಿಕೊಟ್ಟ. ಫೆಬ್ರವರಿಯ ಚಳಿಯಲ್ಲಿ ಬರಿಗಾಲು.

"ಇಲ್ಲೇ ಕೆಲಸ ಮಾಡ್ತೀಯ, ನೀನು ಮಾತ್ರ ರಕ್ತ ಕೊಟ್ಟಿಲ್ವಂತೆ?" ಸಾಲ್ವೋರ್ ಕೇಳಿದಳು.

"ಮೀನು ಮಾರೋನು ಮೀನು ತಿನ್ನಲೇಬೇಕಾ?" ಎಂದು ನಕ್ಕ.

"ಯಾವಾಗ ಬಂದೆ?"

"ಇವತ್ತು ಮಧ್ಯಾಹ್ನ. ಭಾನುವಾರ ಬೆಳಿಗ್ಗೆ ಹಾಲ್ಲಾ ಒಬ್ಬಳೇ ಇರ್ತಾಳೆ."

ಅವನ ಕೋಣೆಯ ಹೀಟರ್ ಮೇಲೆ ದಪ್ಪ ಕಾಲುಚೀಲ ಒಣಗುತ್ತಿತ್ತು. ಸಾಲ್ವೋರ್ ಅದನ್ನು ಮಗುಚಿದಳು. ಅಂಗಾಲಿನಲ್ಲಿ ಗಾಜಿನ ಚೂರು.

"ಬಾಗಿಲಲ್ಲಿರೋ ನಿನ್ನ ಬೂಟಿನೊಳಗೆ ಕೈಹಾಕಿ ನೋಡಿದೆ. ನೀರೇ ಹೋಗಿಲ್ಲ. ಕಾಲುಚೀಲ ಮಾತ್ರ ಹೇಗೆ ಒದ್ದೆಯಾಯ್ತು, ಇಸ್ಲೇಫ್? ಬೆಳಿಗ್ಗೆಯೇ ಬಂದೆ. ರೂಢಿಯಂತೆ ಬೂಟು ಬಿಟ್ಟೆ. ಹಾಲ್ಲಾನ ಶೀತಕೋಣೆಯೊಳಗೆ ಹಾಕಿ, ಹೊರಗಿನವನ ಕೆಲಸ ಅನ್ನಿಸೋಕೆ ಕಿಟಕಿ ಒಡೆದೆ, ಒಳಗಿನಿಂದ. ಬೂಟು ಹಾಕ್ಕೊಳ್ಳೋದು ಮರೆತೆ."

ಅವನು ಬರಿಗಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

"ಹಾಲ್ಲಾಳ ಕಂಪ್ಯೂಟರಿನಲ್ಲಿ ಕೊನೆಗೆ ತೆರೆದಿದ್ದು ನಿನ್ನ ಮನೆತನದ ನಕ್ಷೆ," ಎಂದಳು ಸಾಲ್ವೋರ್. "ನಿನ್ನ ಅಮ್ಮ ಸಾಯೋ ಮೊದಲು ರಕ್ತ ಕೊಟ್ಟಿದ್ದಳು. ಹೋದ ತಿಂಗಳು ಮಗಳು ಕೊಟ್ಟಳು. ನಡುವೆ ನೀನು. ನಿನಗೆ ಸೂಜಿ ಚುಚ್ಚೋದೇ ಬೇಕಾಗಿರಲಿಲ್ಲ."

"ಅಮ್ಮ ನೆನಪೆಲ್ಲ ಕಳೆದುಕೊಂಡು, ನನ್ನ ಗುರುತೇ ಸಿಗದೆ ಸತ್ತಳು. ಆಗ ಅವಳಿಗೆ ಐವತ್ತೂ ಆಗಿರಲಿಲ್ಲ." ಇಸ್ಲೇಫ್ ತನ್ನ ಕೈಗಳನ್ನೇ ನೋಡುತ್ತಿದ್ದ. "ನನಗೆ ಗೊತ್ತಾಗೋದು ಬೇಡ ಅಂತ ಹಾಲ್ಲಾನ ಬೇಡಿಕೊಂಡೆ. ಗೊತ್ತಿಲ್ಲದೆ ಇದ್ದರೇನೇ ಬೆಳಿಗ್ಗೆ ಎದ್ದೇಳೋಕೆ ಆಗ್ತಿತ್ತು. ಅವಳು, ಸೋಮವಾರ ಬಾ, ಕೂತು ಮಾತಾಡೋಣ ಅಂದಳು."

ಗೆಲ್ಲಿರ್ ಬೇಡಿ ತೊಡಿಸಿದ.

"ನೀನು ಆ ನಕ್ಷೆನ ಓದಿದೀಯ, ಅಲ್ವಾ?" ಇಸ್ಲೇಫ್ ಸಾಲ್ವೋರ್ ಕಡೆ ತಿರುಗಿದ.

"ಓದಿದೀನಿ."

"ಹೇಳಬೇಡ."

"ಹೇಳಲ್ಲ."

ಇಸ್ಲೇಫ್ ಅವಳ ಮುಖವನ್ನೇ ಹುಡುಕಿದ. ಸಾಲ್ವೋರ್ ಕಣ್ಣು ತಪ್ಪಿಸಿ, ಅವನ ಬೂಟನ್ನು ತಂದು ಕಾಲ ಬಳಿ ಇಟ್ಟಳು.

"ಮಗಳಿಗೂ ಇದೆಯಾ?" ಎಂದ ಅವನು.