ಪೈಲಟ್ ತೆಗೆದ ಚಿತ್ರ

ಏಪ್ರಿಲ್‌ನಲ್ಲಿ ಬೈಕು ಮಗುಚಿ ಸತ್ತ ಆರ್ಚಿ ಸ್ಟ್ರೆಚರ್ ಮೇಲಿದ್ದ ಚಿತ್ರವನ್ನು ಹೆಲಿಕಾಪ್ಟರ್ ಆಂಬುಲೆನ್ಸ್ ಸಂಸ್ಥೆ ನವೆಂಬರ್‌ನಲ್ಲಿ ಕರಪತ್ರದ ಮೇಲೆ ಅಚ್ಚು ಹಾಕಿತು. ಕೆಳಗೆ ಹೀಗೆ ಬರೆದಿತ್ತು: 'ನಿಮ್ಮ ದೇಣಿಗೆಯಿಂದ ಇವರು ಮನೆಗೆ ಮರಳಿದರು.' ಆರ್ಚಿಯ ಹೆಂಡತಿ ಹೆಸ್ಟರ್‌ಳನ್ನು ಯಾರೂ ಕೇಳಿರಲಿಲ್ಲ.

ಹಂಚಲೆಂದು ಆ ಕರಪತ್ರಗಳು ಅವಳ ಕೈಗೇ ಬಂದವು, ಕಟ್ಟುಗಟ್ಟಲೆ. ಅವಳಿರುವ ಚೀವಿಯಟ್ ಗುಡ್ಡಗಳಿಗೆ ಸರ್ಕಾರ ಹೆಲಿಕಾಪ್ಟರ್ ಕೊಟ್ಟಿಲ್ಲ. ಕೇಕು, ಹಳೇ ಕೋಟು ಮಾರಿದ ದುಡ್ಡಿನಿಂದ ಹೆಂಗಸರೇ ಅದನ್ನು ಹಾರಿಸುತ್ತಾರೆ. ಹೆಸ್ಟರ್ ಕೂಡ ಕುರಿಗಳ ಕೆಲಸ ಮುಗಿಸಿ ವಾರಕ್ಕೆರಡು ದಿನ ಸಂಸ್ಥೆಯ ಹಳೇ ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಿದ್ದಳು.

ಅದೇ ಅಂಗಡಿಗೆ ಆ ಹೆಲಿಕಾಪ್ಟರಿನ ಪೈಲಟ್ ಡಂಕನ್ ಜುಲೈಯಿಂದ ಬರುತ್ತಿದ್ದ. ಏನಾದರೂ ಕೊಳ್ಳುವ ನೆಪ.

"ಇದು ಐದನೇ ಸ್ವೆಟರ್ ಕಣಯ್ಯಾ," ಅಂದಿದ್ದಳು ಒಮ್ಮೆ. "ನಿಂಗೇನು ಹತ್ತು ಕೈ ಇದ್ಯಾ?"

"ಗುಡ್ಡದ ಮೇಲೆ ಚಳಿ ಅಲ್ವಾ..."

"ಚಳಿಯಂತೆ! ಆಗಸ್ಟ್‌ನಲ್ಲಿ!"

ನಕ್ಕುಬಿಟ್ಟಳು. ಆರ್ಚಿ ಹೋದ ಮೇಲೆ ಅದೇ ಮೊದಲು. ತನ್ನ ನಗುವಿಗೆ ತಾನೇ ಬೆಚ್ಚಿದಳು. ಡಂಕನ್ ತಲೆ ತಗ್ಗಿಸಿದ್ದ, ಕಿವಿ ಮಾತ್ರ ಕೆಂಪಗಾಗಿತ್ತು. ಆ ಕೆಂಪನ್ನು ಅವಳು ಮನೆಗೆ ಕೊಂಡೊಯ್ದಳು. ಕುರಿಗಳಿಗೆ ಮೇವು ಹಾಕುವಾಗ ನೆನೆದಳು, ನೆನೆದದ್ದಕ್ಕೆ ಅತ್ತಳು.

ಕರಪತ್ರದ ಕಟ್ಟನ್ನು ಅವಳು ವಾಪಸ್ ಕಳಿಸಿದಳು. ಜೊತೆಗೊಂದು ಚೀಟಿ: ತಪ್ಪೊಪ್ಪಿಕೊಳ್ಳಿ, ಇಲ್ಲದಿದ್ದರೆ ಪತ್ರಿಕೆಗೆ ಬರೆಯುತ್ತೇನೆ. ಭಾನುವಾರ ಮಧ್ಯಾಹ್ನ ಸಂಸ್ಥೆಯ ಉತ್ತರದ ಹಾಳೆ ಹಿಡಿದು ಡಂಕನ್ನೇ ಅವಳ ಅಡುಗೆಮನೆಗೆ ಬಂದ.

"ಇದಕ್ಕೊಂದು ಸೈನ್ ಹಾಕು ಹೆಸ್ಟರ್. ಫೋಟೋಗೆ ನೀನು ಮೊದ್ಲೇ ಒಪ್ಪಿದ್ದೆ ಅಂತ."

"ಮೇ ತಿಂಗಳ ತಾರೀಕು ಹಾಕಿದಾರೆ. ಮೇನಲ್ಲಿ ನಂಗೆ ನನ್ ಹೆಸರೇ ನೆನಪಿರ್ಲಿಲ್ಲ." ಅವಳು ಹಾಳೆ ಕೆಳಗಿಟ್ಟಳು. "ಯಾರು ತೆಗ್ದಿದ್ದು ಆ ಫೋಟೋನ?"

ಡಂಕನ್ ಒಲೆಯ ಮೇಲೆ ಕುದಿಯುತ್ತಿದ್ದ ಕೆಟಲನ್ನು ಕೆಳಗಿಳಿಸಿದ.

"ನಾನು."

ಅವಳು ಕೂತಳು.

"ಆರ್ಚಿಯ ಬೈಕು ಮಗುಚಿದ ದಿನ ಡಾಕ್ಟ್ರು ಅವನ ಹತ್ರ ಇದ್ರು. ಪೈಲಟ್ ಹೆಲಿಕಾಪ್ಟರ್ ಬಿಟ್ಟು ಕದಲೋ ಹಾಗಿಲ್ಲ. ನೀನು ಎರಡೂ ಕೈ ಚಾಚ್ಕೊಂಡು ಕುರಿಗಳು ಹೆಲಿಕಾಪ್ಟರ್ ಹತ್ರ ಬರ್ದ ಹಾಗೆ ತಡೀತಿದ್ದೆ. ಕೂದಲೆಲ್ಲ ಬಿಚ್ಚಿತ್ತು. ಅಳ್ತಿದ್ದೆ, ಆದ್ರೂ ಒಂದು ಕುರೀನೂ ಈಚೆ ಬಿಡ್ಲಿಲ್ಲ. ಸ್ಟ್ರೆಚರೂ ನೀನೂ ಸೇರೋ ಹಾಗೆ ಫೋನಲ್ಲಿ ಫೋಟೋ ತೆಗ್ದೆ. ಅವನು ಬದುಕ್ತಾನೆ ಅಂದ್ಕೊಂಡಿದ್ದೆ, ದೇವರಾಣೆ. ಅವತ್ತೇ ಆಫೀಸಿಗೆ ಕಳಿಸ್ಬಿಟ್ಟೆ. ಆವಾಗ್ಲಿಂದ..."

"ಆವಾಗ್ಲಿಂದ ಏನು?"

"ನಿನ್ನ ಪ್ರೀತಿಸ್ತಿದೀನಿ."

ಅವಳು ನಾಲ್ಕು ತಿಂಗಳು ಕಾದಿದ್ದ ಮಾತು. ಬಂದದ್ದು ಆರ್ಚಿಯ ಸ್ಟ್ರೆಚರ್ ಪಕ್ಕದಿಂದ.

"ಸೈನ್ ಹಾಕ್ದಿದ್ರೆ?" ಕೇಳಿದಳು.

"ತಪ್ಪೆಲ್ಲ ನಂದೇ ಅಂತಾರೆ. ಕೆಲ್ಸದಿಂದ ತೆಗೀತಾರೆ. ಈ ಕಣಿವೆ ಬಿಟ್ಟು ಹೋಗ್ಬೇಕು ನಾನು."

"'ಮನೆಗೆ ಮರಳಿದರು' ಅಂತ ಕರಪತ್ರದಲ್ಲಿ ಬರೆದೋರಿಗೆ?"

"ಅವರಿಗೇನೂ ಆಗಲ್ಲ."

ಅವಳು ಅವನ ಕೈಯನ್ನು ಎಳೆದು ಕೆನ್ನೆಗೆ ಒತ್ತಿಕೊಂಡಳು. ಬೆಚ್ಚಗಿತ್ತು. ಇಷ್ಟು ಹತ್ತಿರ ಅವರು ಎಂದೂ ಬಂದಿರಲಿಲ್ಲ. ಅವನ ಹೆಬ್ಬೆರಳು ಅವಳ ಕಣ್ಣಂಚನ್ನು ಒರೆಸಿತು, ಮತ್ತೆ ಒರೆಸಿತು.

"ಪೆದ್ದ ಕಣೋ ನೀನು," ಅಂದಳು. "ನಂಗೂ ನೀನು ಬೇಕು. ದಿನಾ ಬೇಕು."

"ಹಾಗಾದ್ರೆ ಹಾಕು. ನಮ್ಮಿಬ್ಬರಿಗೋಸ್ಕರ." ಪೆನ್ನು ಬಿಚ್ಚಿ ಅವಳ ಬೆರಳ ನಡುವೆ ಇಟ್ಟ. "ದಮ್ಮಯ್ಯ, ಹೆಸ್ಟರ್. ಒಂದೇ ಒಂದು ಗೆರೆ."

ಅವಳು ಪೆನ್ನನ್ನು ಹಾಳೆಯ ಮೇಲೆ ಅಡ್ಡಲಾಗಿ ಮಲಗಿಸಿದಳು.

"ಇಲ್ಲ ಡಂಕನ್. ಆರ್ಚಿ ಮನೆಗೆ ಮರಳ್ಲಿಲ್ಲ. ಹಾಕೋದಿಲ್ಲ."