ಲಿಂಗಮ್ಮನ ಖಾಕಿ

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ... ಸಾರಿಗೆ ಆಫೀಸಲ್ಲಿದ್ದೆ ಅಂತಷ್ಟೇ ಹೇಳಿ. ಕಂಡಕ್ಟರ್ ಅನ್ನೋ ಮಾತು ಮಾತ್ರ ಬಾಯಿಗೆ ಬರೋದು ಬೇಡ!"

ಸೊಸೆ ರಾಗಿಣಿ ಲಿಂಗಮ್ಮನ ಮುಂದೆ ಕೈಜೋಡಿಸಿ ನಿಂತಳು. ಮೊಮ್ಮಗಳು ಸ್ಪಂದನಳನ್ನು ನೋಡಲು ಮಹಾಲಕ್ಷ್ಮಿ ಲೇಔಟಿನಿಂದ ಗಂಡಿನ ಕಡೆಯ ಅನುಕೂಲಸ್ಥರು ಅತ್ತಿಗುಪ್ಪೆಯ ಈ ಮನೆಗೆ ಬರುವ ದಿನ ಅದು. ಮಗುವಿನ ಬಾಳಿಗೆ ತಾನೇ ಅಡ್ಡಿಯಾಗುವುದೇ? "ಆಯ್ತಮ್ಮ" ಎಂದುಬಿಟ್ಟಳು ಲಿಂಗಮ್ಮ.

ಗಂಡ ತೀರಿಕೊಂಡಾಗ ಅವಳಿಗೆ ಮೂವತ್ತನಾಲ್ಕು. ಸಾರಿಗೆ ಸಂಸ್ಥೆಯಲ್ಲಿದ್ದ ಅವನ ಕೆಲಸದ ಬದಲಿಗೆ ಸಿಕ್ಕ ಕಂಡಕ್ಟರ್ ಖಾಕಿ ತೊಟ್ಟು, ಇಪ್ಪತ್ತಾರು ವರ್ಷ ನೂಕುನುಗ್ಗಲಿನಲ್ಲಿ ನಿಂತೇ ಮಗ ಭೈರೇಶನನ್ನು ಎಂಜಿನಿಯರ್ ಮಾಡಿದ ಜೀವ ಅದು. ನಿವೃತ್ತಳಾಗಿ ಹತ್ತು ವರ್ಷವಾದರೂ ಬೆಳಗಿನ ನಾಲ್ಕಕ್ಕೆ ತಾನಾಗಿ ಎಚ್ಚರ; ಕೂತು ಉಂಡರೆ ಇಂದಿಗೂ ಅನ್ನ ಇಳಿಯದು. ಖಾಕಿ ಪೆಟ್ಟಿಗೆ ಸೇರಿತ್ತು, ಮೈಯಿಂದ ಮಾತ್ರ ಇಳಿದಿರಲಿಲ್ಲ.

ಕೇಸರಿಬಾತು, ಕಾಫಿ ಮುಗಿಯಿತು. ವರನ ತಾಯಿ ಸೀತಾ ನಗುತ್ತಲೇ ಕೇಳಿದರು: "ಅಮ್ಮಾ, ನೀವು ಸಾರಿಗೆ ಆಫೀಸಲ್ಲಿದ್ರಂತೆ. ಯಾವ ಸೆಕ್ಷನ್ನು?"

ರಾಗಿಣಿ ಅತ್ತೆಯ ಕಡೆ ನೋಡಿದಳು. ಲಿಂಗಮ್ಮ ಬಾಯಿ ತೆರೆದಳು... ಸುಳ್ಳು ಹೊರಡಲೇ ಇಲ್ಲ! ಎದ್ದು ನಿಂತಳು.

"ಸೆಕ್ಷನ್ ಇಲ್ಲಮ್ಮ. ನಾನು ಬಸ್ ಕಂಡಕ್ಟರ್. ಕುಡುಕನೊಬ್ಬ ಕೆನ್ನೆಗೆ ಹೊಡೆದ ದಿನಾನೂ ಅವನನ್ನ ಇಳಿಸಿ, ಕೊನೇ ಸ್ಟಾಪ್‌ವರೆಗೂ ಡ್ಯೂಟಿ ಮುಗಿಸಿದೋಳು. ಅದನ್ನ ಬಿಟ್ರೆ ನಾನು ಯಾರು ಅಂತ ನನಗೇ ಗೊತ್ತಿಲ್ಲ... ನಮ್ಮ ಹುಡುಗಿ ಚಿನ್ನ. ತಪ್ಪೇನಿದ್ರೂ ನಂದು."

"ಇಲ್ಲ, ತಪ್ಪು ನಂದು! ಹಾಗೆ ಹೇಳಿ ಅಂದೋಳು ನಾನೇ..." ರಾಗಿಣಿ ಬಿಕ್ಕಿದಳು. ಭೈರೇಶ್ ತಲೆ ತಗ್ಗಿಸಿದ.

ಸ್ಪಂದನ ಬಂದು ಅಜ್ಜಿಯ ತೋಳು ಹಿಡಿದಳು. "ಆಂಟಿ, ನಮ್ಮಜ್ಜಿ ಕಂಡಕ್ಟರ್ ಅಂತ ಸ್ಕೂಲಲ್ಲೇ ಎಲ್ಲರಿಗೂ ಹೇಳ್ಕೊಂಡು ತಿರುಗ್ತಿದ್ದೆ. ನಿಮ್ಮ ಹತ್ರಾನೂ ಹೇಳೇ ಹೇಳ್ತಿದ್ದೆ."

ಸೀತಾ ಎದ್ದು ಲಿಂಗಮ್ಮನ ಪಕ್ಕಕ್ಕೆ ಬಂದರು. "ಕಂಡಕ್ಟರ್ ಆಗಿದ್ರೆ ನಮಗೇನಮ್ಮ? ಮುಚ್ಚಿಟ್ಟಿದ್ದಕ್ಕೆ ಬೇಜಾರಾಯ್ತು. ನೀವೇ ಎದ್ದು ನಿಂತು ಹೇಳಿದ್ರಲ್ಲ, ಅದೂ ಹೋಯ್ತು. ಈ ಹುಡುಗಿ ನಮ್ಮನೆಗೆ ಬರ್ಲಿ" ಎಂದರು.

ತಿಂಗಳ ನಂತರ ಲಗ್ನಪತ್ರಿಕೆಯ ಕರಡು ಬಂತು. ಲಿಂಗಮ್ಮ ಕನ್ನಡಕ ಏರಿಸಿ ಓದಿದಳು. ತನ್ನ ಹೆಸರಿನ ಕೆಳಗೆ, 'ನಿವೃತ್ತ ಬಸ್ ನಿರ್ವಾಹಕಿ'!

"ಇದೆಲ್ಲ ಯಾಕಮ್ಮ ರಾಗಿಣಿ?" ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ನಾನೇ ಬರೆಸಿದ್ದು ಅತ್ತೆ." ರಾಗಿಣಿ ಪಕ್ಕದಲ್ಲಿ ಕೂತು ಕರಡಿನ ಮೇಲೆ ಪೆನ್ನಿನಿಂದ ಗುರುತು ಹಾಕಿದಳು. "ಅಕ್ಷರ ಸಣ್ಣದಾಯ್ತು. ಇನ್ನೂ ದಪ್ಪ ಮಾಡಿಸ್ತೀನಿ."